ರಾಡ್ ಆಮೇಲೆ ನೋಡುವ, ನಿಲ್ಲುದು ಎಲ್ಲಿ ಹೇಳಿ

"ಅಣ್ಣಾ, ಐದು ಸಾವಿರದ ಒಳಗೆ ಒಳ್ಳೆ ರಾಡ್ ಯಾವುದುಂಟು?" ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿರುವ ನನ್ನ ಗಾಳದ ಸಾಮಾನಿನ ಅಂಗಡಿಗೆ ಹೊಸದಾಗಿ ಬರುವವರು ಹೆಚ್ಚಾಗಿ ಕೇಳುದು ಇದನ್ನೇ. ನಾನು ತಿರುಗಿ ಕೇಳುದೂ ಒಂದೇ, ನೀವು ನಿಲ್ಲುದು ಎಲ್ಲಿ? ಹೊಯ್ಗೆಯಲ್ಲಾ, ಅಂದ್ರೆ ಮರಳಿನಲ್ಲಾ, ಹೊಳೆ ಸಮುದ್ರ ಸೇರುವ ಅಳಿವೆಯಲ್ಲಾ, ಕಲ್ಲಿನ ಮೇಲಾ? ಇದಕ್ಕೆ ಉತ್ತರ ಬಾರದೆ ನಾನು ರಾಡ್ ಕೈಗೆ ಕೊಡುದಿಲ್ಲ, ಯಾಕಂದ್ರೆ ಮೂರೂ ಬೇರೆ ಬೇರೆ ನೀರು, ಬೇರೆ ಮೀನು, ಒಂದಕ್ಕೆ ಸರಿಯಾದ ಸೆಟ್ ಇನ್ನೊಂದು ಕಡೆ ಬರೀ ಭಾರ ಅಷ್ಟೆ. ಆನ್‌ಲೈನ್‌ನಲ್ಲಿ ವಿಡಿಯೋ ನೋಡಿ ಏಳು ಅಡಿಯ ಲೂರ್ (ನಕಲಿ ಮೀನು ಕಟ್ಟಿ ಎಳೆಯುವ) ರಾಡ್ ತರಿಸಿಕೊಂಡು ಕಾಪಿಲ್ ಬೀಚಿನಲ್ಲಿ ಮೂರು ಭಾನುವಾರ ಖಾಲಿ ಕೈಯಲ್ಲಿ ವಾಪಸ್ ಬಂದ ಹುಡುಗರನ್ನು ನಾನು ತುಂಬ ನೋಡಿದ್ದೇನೆ, ಅವರ ತಪ್ಪಲ್ಲ ಅದು, ಯಾರೂ ಹೇಳಿ ಕೊಟ್ಟಿರುದಿಲ್ಲ.

ಹೊಯ್ಗೆ ಬೀಚಿನ ವಿಷಯ ಮೊದಲು ಹೇಳ್ತೇನೆ, ನಮ್ಮ ಜಿಲ್ಲೆಯಲ್ಲಿ ಮಂಜೇಶ್ವರದ ಕಣ್ವತೀರ್ಥದಿಂದ ಹಿಡಿದು ನೀಲೇಶ್ವರದ ತೈಕ್ಕಡಪ್ಪುರದವರೆಗೆ ಜಾಸ್ತಿ ಇರುದು ಅದೇ. ಹೊಸಬರು ಬಂದ ಕೂಡ್ಲೆ ಮೈಯ ಬಲವೆಲ್ಲ ಹಾಕಿ ಎಷ್ಟು ದೂರ ಆಗ್ತದೋ ಅಷ್ಟು ದೂರ ಬಿಸಾಡ್ತಾರೆ. ಹಾಗೆ ಮಾಡ್ಬೇಡಿ. ಹತ್ತು ನಿಮಿಷ ಸುಮ್ಮನೆ ನಿಂತು ನೀರು ನೋಡಿ, ಆದ್ರೆ ಸ್ವಲ್ಪ ಎತ್ತರದ ಜಾಗದಿಂದ ನೋಡಿ. ಅಲೆ ಬೆಳ್ಳಗೆ ಒಡೆಯುವಲ್ಲಿ ಕೆಳಗೆ ಹೊಯ್ಗೆಯ ದಿಬ್ಬ ಉಂಟು ಅಂತ ಲೆಕ್ಕ. ಎರಡು ಬಿಳಿ ಪಟ್ಟಿಯ ಮಧ್ಯೆ ಅಲೆ ಒಡೆಯದೆ ನೀರು ಸ್ವಲ್ಪ ಕಪ್ಪಗೆ ಕಾಣ್ತದಲ್ಲ, ಅದು ಗುಂಡಿ. ದಿಬ್ಬಕ್ಕೂ ದಡಕ್ಕೂ ನಡುವೆ ಒಂದು ಚರಂಡಿ ಹಾಗೆ ಉದ್ದಕ್ಕೆ ಆಳ ಇರ್ತದೆ, ಅಲೆ ಹೊಯ್ಗೆಯನ್ನು ಕೆದಕುವಾಗ ಹೊರಗೆ ಬರುವ ಹುಳ, ಸಣ್ಣ ಏಡಿ ಎಲ್ಲ ಸೇರುದು ಅಲ್ಲಿ, ಕಾಣೆ ಮೀನು ಓಡಾಡುದೂ ಅಲ್ಲೇ. ಎಷ್ಟೋ ಸಲ ಆ ಚರಂಡಿ ನಮ್ಮ ಕಾಲಿನಿಂದ ಹದಿನೈದು ಇಪ್ಪತ್ತು ಮೀಟರ್ ದೂರದಲ್ಲೇ ಇರ್ತದೆ, ಅದನ್ನು ದಾಟಿ ಎಂಬತ್ತು ಮೀಟರ್ ಆಚೆ ಗಾಳ ಹಾಕಿದ್ರೆ ಮೀನು ಇರುದು ನಮ್ಮ ಮತ್ತು ಗಾಳದ ನಡುವೆ. ಪಕ್ಕದಲ್ಲಿ ಯಾರೋ ಅಜ್ಜ ಬರೀ ತಂಗೂಸು (ನೈಲಾನ್ ಲೈನ್) ಕೈಗೆ ಸುತ್ತಿಕೊಂಡು ಕಾಣೆ ಎಳೀತಾ ಇರ್ತಾರೆ ಅಂದ್ರೆ ಕಾರಣ ಇದು. ಅದೇ ಕಪ್ಪು ನೀರಿನಲ್ಲಿ ನೊರೆ, ಕಸ ಹೊರಗಡೆಗೆ ಸರೀತಾ ಉಂಟು ಅಂತ ಕಂಡ್ರೆ ಅದು ಸಮುದ್ರಕ್ಕೆ ವಾಪಸ್ ಎಳೆಯುವ ನೀರು, ಗಾಳಕ್ಕೆ ಒಳ್ಳೆದು, ಇಳಿದು ಸ್ನಾನ ಮಾಡುವವರಿಗೆ ಪ್ರಾಣಕ್ಕೆ ಅಪಾಯ, ಮಕ್ಕಳನ್ನು ಕರ್ಕೊಂಡು ಹೋದವರು ಇದನ್ನು ಗುರ್ತು ಮಾಡಿ ಇಟ್ಕೊಳ್ಳಿ.

ಈ ಕೆಲಸಕ್ಕೆ ಹತ್ತು ಅಡಿಯ ರಾಡ್ ಸಾಕು, ದೊಡ್ಡ ಅಲೆ ಇರುವ ಕಡೆಗೆ ಹನ್ನೆರಡು. ರಾಡ್ ಉದ್ದ ಬೇಕಾಗುದು ದೂರ ಬಿಸಾಡ್ಲಿಕ್ಕೆ ಮಾತ್ರ ಅಲ್ಲ, ಲೈನ್ ದಡದ ಅಲೆಗೆ ಸಿಕ್ಕದೆ ಮೇಲೆ ನಿಲ್ಲಬೇಕಲ್ಲ ಅದಕ್ಕೆ. ಕಾಣೆಯ ಬಾಯಿ ಚಿಕ್ಕದು, ಹಾಗಾಗಿ ಗಾಳ 6 ಅಥವಾ 8 ನಂಬರ್, ಕಾಂಡ ಉದ್ದ ಇರುವಂಥದ್ದು. ಗಾಳದಲ್ಲಿ ನಂಬರ್ ಹೆಚ್ಚಾದ ಹಾಗೆ ಸೈಜ್ ಚಿಕ್ಕದಾಗ್ತದೆ, ನಂಬರಿನ ನಂತರ /0 ಬಂದ್ರೆ ಮಾತ್ರ ಉಲ್ಟಾ, 1/0ಕ್ಕಿಂತ 3/0 ದೊಡ್ಡದು. ಸೀಸದ ಗುಂಡು ಉರುಟಾದ್ರೆ ಅಲೆಗೆ ಉರುಳ್ತದೆ, ಹೊಯ್ಗೆಗೆ ಪಿರಮಿಡ್ ಆಕಾರದ್ದು ತಗೊಳ್ಳಿ, ಅದು ಊರಿ ನಿಲ್ತದೆ. ಮೀನಿಗೆ ಹಾಕ್ಲಿಕ್ಕೆ ಸಿಗಡಿ, ಅಂಗಡಿಯ ಫ್ರೀಜರಿನದ್ದಲ್ಲ, ಬೆಳಿಗ್ಗೆ ಮಾರ್ಕೆಟಿಗೆ ಬಂದ ಸಣ್ಣ ತಾಜಾ ಸಿಗಡಿ. ಬಿಸಾಡುವಾಗ ಕಳಚಿ ಹೋಗ್ತದೆ ಅಂತಾದ್ರೆ ತೆಳು ಇಲಾಸ್ಟಿಕ್ ದಾರದಲ್ಲಿ ನಾಲ್ಕು ಸುತ್ತು ಸುತ್ತಿ.

ಇನ್ನು ಅಳಿವೆ. ಶಿರಿಯ, ಮೊಗ್ರಾಲ್, ಚಂದ್ರಗಿರಿ, ಮತ್ತೆ ಆ ಕಡೆ ತೇಜಸ್ವಿನಿ ಸೇರುವ ಅಳಿತ್ತಲ, ನಮಗೆ ಹೊಳೆ ಬಾಗಿಲಿಗೆ ಬರ ಇಲ್ಲ. ನನ್ನನ್ನು ಕೇಳಿದ್ರೆ ನಮ್ಮ ಜಿಲ್ಲೆಯಲ್ಲಿ ಗಾಳ ಹಾಕ್ಲಿಕ್ಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ, ಆದ್ರೆ ಇಲ್ಲಿ ವಾಚ್ ನೋಡಿ ಹೋಗಿ ಪ್ರಯೋಜನ ಇಲ್ಲ, ಭರತ ಇಳಿತ ನೋಡಿ ಹೋಗ್ಬೇಕು. ದಿನಕ್ಕೆ ಎರಡು ಭರತ ಎರಡು ಇಳಿತ, ಮಾರನೇ ದಿನ ಅದು ಸುಮಾರು 50 ನಿಮಿಷ ತಡ ಆಗ್ತದೆ, ಹಾಗಾಗಿ ಹೋದ ಭಾನುವಾರ ಆರು ಗಂಟೆಗೆ ಮೀನು ಸಿಕ್ಕಿತ್ತು ಅಂತ ಈ ಭಾನುವಾರ ಆರು ಗಂಟೆಗೇ ಹೋದ್ರೆ ನೀರೇ ಬೇರೆ. ಇಳಿತ ಶುರುವಾಗಿ ಮೊದಲ ಎರಡು ಗಂಟೆ ಹೊಳೆಯ ಒಳಗಿನ ಸಿಗಡಿ, ಸಣ್ಣ ಮೀನು ಎಲ್ಲ ನೀರಿನ ಜೊತೆ ಹೊರಗೆ ಬರ್ತವೆ, ಕಾಳಾಂಜಿ, ಚೆಂಬಲ್ಲಿ – ಮಂಗಳೂರಿನವರು ಕೆಂಬೇರಿ ಹೇಳುದು – ಇವೆಲ್ಲ ಓಡುವ ನೀರಿನ ಮಧ್ಯದಲ್ಲಿ ನಿಲ್ಲುದಿಲ್ಲ, ಓಡುವ ನೀರೂ ನಿಂತ ನೀರೂ ಸೇರುವ ಗೆರೆಯಲ್ಲಿ ಕಾಯ್ತವೆ. ಆ ಗೆರೆ ಕಣ್ಣಿಗೆ ಕಾಣ್ತದೆ, ನೊರೆ ಸಾಲಾಗಿ ನಿಂತಿರ್ತದೆ. ಗಾಳ ಆ ಗೆರೆಯ ಮೇಲಿನಿಂದ ತೇಲಿ ಬರುವ ಹಾಗೆ ಹಾಕಿ. ಅಮಾಸೆ ಹುಣ್ಣಿಮೆಯ ಆಚೀಚೆ ಎಳೆತ ಜೋರು, 60 ಗ್ರಾಂ ಗುಂಡು ಸಹ ನಿಲ್ಲುದಿಲ್ಲ, ಹೊಸಬರು ಆ ದಿನಗಳನ್ನು ಬಿಟ್ಟು ಮೂರ್ನಾಲ್ಕು ದಿನ ಕಳೆದು ಹೋಗುದು ಒಳ್ಳೆದು.

ಇಲ್ಲಿಗೆ ಎಂಟರಿಂದ ಒಂಬತ್ತು ಅಡಿಯ ರಾಡ್, 4000 ಸೈಜಿನ ರೀಲ್, 30 ಪೌಂಡಿನ ಬ್ರೇಡ್ (ಹೆಣೆದ ಲೈನ್), ಅದರ ತುದಿಗೂ ಗಾಳಕ್ಕೂ ನಡುವೆ ಲೀಡರ್ ಅಂತ 40 ಪೌಂಡಿನ ತಂಗೂಸು ಒಂದು ಮೀಟರ್. ಲೀಡರ್ ಬೇಡ ಅಂತ ಹೇಳುವವರಿಗೆ ಒಂದು ಮಾತು, ಬ್ರೇಡ್ ಎಳೆತಕ್ಕೆ ಗಟ್ಟಿ, ಕಲ್ಲಿಗೆ ತಾಗಿದ್ರೆ ನೂಲಿಗಿಂತ ಕಡೆ. ಡ್ರ್ಯಾಗ್, ಅಂದ್ರೆ ಮೀನು ಎಳೆದಾಗ ರೀಲ್ ಲೈನ್ ಬಿಡುವ ಬಿಗಿ, ಅದನ್ನು ಲೈನಿನ ಶಕ್ತಿಯ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಬಿಗಿ ಮಾಡ್ಬೇಡಿ, 30 ಪೌಂಡ್ ಅಂದ್ರೆ ಹದಿಮೂರೂವರೆ ಕಿಲೋ, ಹಾಗಾಗಿ ನಾಲ್ಕು ಕಿಲೋ ತೂಕಕ್ಕೆ ಲೈನ್ ಬಿಡಬೇಕು. ಮನೆಯಲ್ಲಿ ತಕ್ಕಡಿ ಕಟ್ಟಿ ಒಮ್ಮೆ ಎಳೆದು ನೋಡಿ, ಕೈಗೆ ಅಂದಾಜು ಬರ್ತದೆ.

ಕಲ್ಲಿನ ಮೇಲೆ ನಿಲ್ಲುವವರಿಗೆ ನಾನು ರಾಡ್, ರೀಲಿಗಿಂತ ಮೊದಲು ಬೇರೆ ವಿಷಯ ಹೇಳ್ತೇನೆ. ಕಡಲ್ಕೊರೆತಕ್ಕೆ ಹಾಕಿದ ಕಲ್ಲಿನ ಗೋಡೆ, ಕೀಯೂರು ಕಡೆ ಹಾರ್ಬರಿನ ಪುಲಿಮುಟ್ಟ್ (ಅಲೆ ತಡೆಯುವ ಕಲ್ಲಿನ ಕಟ್ಟೆ), ಇಲ್ಲೆಲ್ಲ ಮೀನು ಉಂಟು, ನಿಜ. ಕೆಲವು ವರ್ಷ ಹಿಂದೆ ಮೇ ತಿಂಗಳಲ್ಲಿ ನಾನೂ ನನ್ನ ದೋಸ್ತಿಯೂ ಹೀಗೇ ಒಂದು ಕಲ್ಲಿನ ತುದಿಯಲ್ಲಿ ನಿಂತಿದ್ದೆವು, ಗಾಳಿ ಇಲ್ಲ, ಮೋಡ ಇಲ್ಲ, ಸಮುದ್ರ ಎಣ್ಣೆ ಹೊಯ್ದ ಹಾಗೆ ಇತ್ತು. ಅರ್ಧ ಗಂಟೆ ಏನೂ ಇಲ್ಲ, ಆಮೇಲೆ ಸಾಲಾಗಿ ನಾಲ್ಕು ಅಲೆ ಬಂತು, ಮೂರನೇದು ಸೊಂಟದ ಮೇಲೆ. ಅವನು ಎರಡು ಕಲ್ಲಿನ ಸಂದಿಗೆ ಬಿದ್ದ, ತೊಡೆ ಎಲುಬು ಮುರಿಯಿತು, ಇವತ್ತಿಗೂ ಕುಂಟಿಕೊಂಡೇ ನಡೆಯುದು. ಬದುಕಿದ, ಅಷ್ಟು ಸಾಕು. ಇದಕ್ಕೆ ನಮ್ಮ ಕಡಲ ಬದಿಯವರು ಕಳ್ಳಕ್ಕಡಲ್ ಅಂತ ಹೇಳ್ತಾರೆ, ಕಳ್ಳನ ಹಾಗೆ ಸದ್ದಿಲ್ಲದೆ ಬರುವ ಕಡಲು. ದೂರ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಬಿರುಗಾಳಿ ಎದ್ದು ಹುಟ್ಟಿದ ಅಲೆ ಸಾವಿರಾರು ಕಿಲೋಮೀಟರ್ ಬಂದು ಇಲ್ಲಿ ಏಳುದು, ಹಾಗಾಗಿ ನಮ್ಮ ಆಕಾಶ ನೋಡಿ ಏನೂ ಗೊತ್ತಾಗುದಿಲ್ಲ. ಮೀನುಗಾರರ ಈ ಶಬ್ದವನ್ನೇ ಯುನೆಸ್ಕೋ 2012ರಲ್ಲಿ ಒಪ್ಪಿಕೊಂಡದ್ದು. 2024ರ ಮಾರ್ಚ್ 31ಕ್ಕೆ ಕೇರಳದ ಕರಾವಳಿಯಲ್ಲಿ ನೀರು ಒಳಗೆ ನುಗ್ಗಿದ್ದು ಸಹ ಇದೇ. ಸಮುದ್ರದ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಇದಕ್ಕೆ ಮೊದಲೇ ಅಲರ್ಟ್ ಕೊಡ್ತದೆ, ಪೇಪರಿನಲ್ಲಿ, ಫೋನಿನಲ್ಲಿ ಎಲ್ಲ ಬರ್ತದೆ. ಅಲರ್ಟ್ ಇದ್ದ ದಿನ ಕಲ್ಲಿಗೆ ಹೋಗ್ಲೇಬೇಡಿ. ಇಲ್ಲದ ದಿನವೂ ಇಳಿಯುವ ಮೊದಲು ಇಪ್ಪತ್ತು ನಿಮಿಷ ದೂರ ನಿಂತು ನೋಡಿ, ಕಲ್ಲು ಎಲ್ಲಿವರೆಗೆ ಒದ್ದೆ ಉಂಟೋ ಅಲ್ಲಿವರೆಗೆ ಅಲೆ ಬಂದಿದೆ ಅಂತ ಅರ್ಥ, ಅದರ ಕೆಳಗೆ ಕಾಲಿಡ್ಬೇಡಿ. ಲೈಫ್ ಜಾಕೆಟ್ ಹಾಕಿ, ಒಬ್ಬರೇ ಹೋಗ್ಬೇಡಿ, ಸಮುದ್ರಕ್ಕೆ ಬೆನ್ನು ಹಾಕಿ ಗಾಳ ಕಟ್ಬೇಡಿ.

ದಾರಿಯದ್ದು ಸ್ವಲ್ಪ ಹೇಳ್ತೇನೆ. ಬೇಕಲ, ಕಾಪಿಲ್ ಕಡೆಗೆ ಹೋಗುವವರು ಹೈವೇ ಹಿಡಿದ್ರೆ ಚೆರ್ಕಳ, ಚಟ್ಟಂಚಾಲ್ ಅಂತ ಒಳಗಡೆಯಿಂದ ಸುತ್ತಿ ಹೋಗ್ತೀರಿ. ಕಾಸರಗೋಡು ಪ್ರೆಸ್ ಕ್ಲಬ್ ಜಂಕ್ಷನಿನಿಂದ ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಉದುಮ ದಾರಿಯಲ್ಲಿ ಹೋಗಿ, ಸಮುದ್ರ ಹತ್ತಿರ. ಪ್ಯಾಸೆಂಜರ್ ರೈಲಿನಲ್ಲಿ ಕೋಟಿಕುಳಂನಲ್ಲಿ ಇಳಿದ್ರೆ ಸಮುದ್ರ ಪಕ್ಕದಲ್ಲೇ, ಅದಕ್ಕೆ ನಾಲ್ಕು ತುಂಡಾಗಿ ಮಡಚುವ ಟ್ರಾವೆಲ್ ರಾಡ್ ಅನುಕೂಲ. ನಮ್ಮಲ್ಲಿ ಹೆಚ್ಚಿನ ಕಡೆ ಬೀಚಿಗೆ ಹೋಗ್ಬೇಕಾದ್ರೆ ಹಳಿ ದಾಟ್ಬೇಕು, ಗೇಟೋ ಅಂಡರ್‌ಪಾಸೋ ಇರುವಲ್ಲೇ ದಾಟಿ, ಕರೆಂಟಿನ ಲೈನ್ ಮೇಲೆ ಉಂಟು, ಉದ್ದದ ಕಾರ್ಬನ್ ರಾಡ್ ಎತ್ತಿ ಹಿಡ್ಕೊಂಡು ಹಳಿ ಹತ್ತಿರವೂ ಹೋಗ್ಬೇಡಿ. ಕೈರಂಪಣಿ ಬಲೆ ಎಳೆಯುವವರು, ದೋಣಿ ಹತ್ತಿಸುವವರು ಇದ್ರೆ ಅವರ ಕೆಲಸ ಮುಗಿಯುವವರೆಗೆ ಕಾಯಿರಿ, ನಮಗೆ ಹವ್ಯಾಸ, ಅವರಿಗೆ ಊಟ.

ಸಿಕ್ಕಿದ ಮೀನಿನಲ್ಲಿ ತೇಡೆಯ (ಕ್ಯಾಟ್‌ಫಿಶ್) ಮುಳ್ಳು, ತೊರಕೆಯ (ಸ್ಟಿಂಗ್‌ರೇ) ಬಾಲದ ಮುಳ್ಳು ಎರಡೂ ವಿಷದ್ದು. ಚುಚ್ಚಿದ್ರೆ ತಡೆದುಕೊಳ್ಳುವಷ್ಟು ಬಿಸಿ ಇರುವ ನೀರಿನಲ್ಲಿ ಅರ್ಧ ಗಂಟೆಯಾದ್ರೂ ಮುಳುಗಿಸಿ ಇಡಿ, ಆಮೇಲೆ ಡಾಕ್ಟರ ಹತ್ತಿರ ಹೋಗಿ. ಕಾಳಾಂಜಿ ಹುಟ್ಟುವಾಗ ಗಂಡು, ದೊಡ್ಡದಾದ ಮೇಲೆ ಹೆಣ್ಣಾಗ್ತದೆ, ಅಂದ್ರೆ ಫೋಟೋಗೆ ಎತ್ತಿ ಹಿಡಿಯುವ ಆ ದೊಡ್ಡ ಮೀನೇ ಮೊಟ್ಟೆ ಇಡುವಂಥದ್ದು. ನಾನಂತೂ ದೊಡ್ಡದನ್ನು ಬಿಡ್ತೇನೆ, ನೀವೂ ಬಿಡಿ ಅಂತ ಕೇಳಿಕೊಳ್ತೇನೆ.

ಮನೆಗೆ ಬಂದ ಕೂಡ್ಲೆ ರೀಲಿಗೆ ಸಿಹಿ ನೀರು, ಆದ್ರೆ ಪೈಪ್ ಹಿಡಿದು ಜೋರಾಗಿ ಬಿಡ್ಬೇಡಿ, ಉಪ್ಪು ಒಳಗೆ ಹೋಗ್ತದೆ. ಡ್ರ್ಯಾಗ್ ಬಿಗಿ ಮಾಡಿ ಮೆಲ್ಲ ನೀರು ಹೊಯ್ದು, ಒರೆಸಿ, ಆಮೇಲೆ ಡ್ರ್ಯಾಗ್ ಸಡಿಲ ಮಾಡಿ ನೆರಳಿನಲ್ಲಿ ಇಡಿ. ನನ್ನ ಟೇಬಲ್ಲಿಗೆ ಬರುವ ರೀಲ್‌ಗಳಲ್ಲಿ ಹೆಚ್ಚಿನವು ಲೈನ್ ರೋಲರ್ ಉಪ್ಪು ಹಿಡಿದು ಕಚ್ಚಿಕೊಂಡದ್ದು, ಎರಡು ನಿಮಿಷದ ಈ ತೊಳೆಯುವ ಕೆಲಸ ಬಿಟ್ಟದ್ದಕ್ಕೆ ಐನೂರು ರೂಪಾಯಿ ಕೊಡಬೇಕಾಗ್ತದೆ. ತುಂಡಾದ ಬ್ರೇಡ್, ತಂಗೂಸು ಹೊಯ್ಗೆಯಲ್ಲಿ ಬಿಸಾಡ್ಬೇಡಿ, ತೈಕ್ಕಡಪ್ಪುರದಲ್ಲಿ ಆಲಿವ್ ರಿಡ್ಲಿ ಆಮೆ ಮೊಟ್ಟೆ ಇಡ್ಲಿಕ್ಕೆ ದಡಕ್ಕೆ ಬರ್ತದೆ, ಕಾಲಿಗೆ ಸುತ್ತಿಕೊಂಡ್ರೆ ಅದಕ್ಕೆ ಬಿಡಿಸಿಕೊಳ್ಳಲಿಕ್ಕೆ ಬರುದಿಲ್ಲ. ಜೇಬಿನಲ್ಲಿ ಹಾಕಿ ತನ್ನಿ, ಅಂಗಡಿಯ ಬಾಗಿಲ ಬಲಬದಿಯಲ್ಲಿ ಹಳೆ ಲೈನಿಗೆ ಅಂತ ಒಂದು ನೀಲಿ ಡ್ರಮ್ ಇಟ್ಟಿದ್ದೇನೆ.