ಕೋಡಿನ ಸಂಕೀರ್ಣತೆ: ಎಲ್ಲಿ ಅಳೆಯಬೇಕು, ಎಲ್ಲಿ ಬಿಡಬೇಕು

ಪುಣೆಯಲ್ಲಿ ಉಡುಪಿ, ಕುಂದಾಪುರ ಕಡೆಯವರು ನಡೆಸುವ ಹೋಟೆಲುಗಳು ಬಹಳ. ಅಂತಹ ಕೆಲವು ಹೋಟೆಲುಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಒದಗಿಸುತ್ತಿದ್ದ ಸಣ್ಣ ಕಂಪನಿಯೊಂದಕ್ಕೆ ನಾನು ಸಲಹೆಗಾರನಾಗಿ ಹೋದ ಮೊದಲ ವಾರದಲ್ಲೇ ಮಾಲೀಕರೊಬ್ಬರು ಕೇಳಿದರು: “ಸರ್, ತೆರಿಗೆಯ ದರ ಒಂದು ಬದಲಾದರೆ ನಿಮ್ಮವರಿಗೆ ಮೂರು ವಾರ ಯಾಕೆ ಬೇಕು? ನಾವು ಬೋರ್ಡಿನ ಮೇಲಿನ ದರ ಒಂದೇ ರಾತ್ರಿಯಲ್ಲಿ ಬದಲಿಸುತ್ತೇವಲ್ಲ?” ಅವರ ಪ್ರಶ್ನೆ ನ್ಯಾಯವಾದದ್ದು. ಕೋಡಿನ ಸಂಕೀರ್ಣತೆಯನ್ನು ಯಾಕೆ ಅಳೆಯಬೇಕು ಎಂದು ಯಾರಾದರೂ ಕೇಳಿದಾಗ ನನಗೆ ಇಂದಿಗೂ ಮೊದಲು ನೆನಪಾಗುವುದು ಅದೇ.

ಆ ಮೂರು ವಾರಕ್ಕೆ ಕಾರಣ ತೆರಿಗೆ ಲೆಕ್ಕ ಹಾಕುವ ಒಂದೇ ಒಂದು ಫಂಕ್ಷನ್, ಅಂದರೆ ಒಂದು ಕೆಲಸಕ್ಕೆಂದು ಬರೆದ ಕೋಡಿನ ತುಂಡು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಎಸಿ ಇಲ್ಲದ ಹೋಟೆಲಿಗೆ ಶೇ. 12, ಎಸಿ ಇದ್ದರೆ ಶೇ. 18 ಎಂದಾಯಿತು; ಅದೇ ವರ್ಷದ ನವೆಂಬರ್ 15ರಿಂದ ಎರಡಕ್ಕೂ ಇನ್‌ಪುಟ್ ಕ್ರೆಡಿಟ್ (ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವ ಸೌಲಭ್ಯ) ಇಲ್ಲದ ಶೇ. 5 ಬಂತು. ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಸರಳ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಯೋಜನೆಯಲ್ಲಿರುವ ಹೋಟೆಲು ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತಿಲ್ಲ. ಮದ್ಯ ಜಿಎಸ್‌ಟಿಯ ಹೊರಗಿರುವುದರಿಂದ, ಊಟದ ಜೊತೆ ಬಿಯರ್ ತೆಗೆದುಕೊಂಡವರ ಬಿಲ್ಲಿನಲ್ಲಿ ವ್ಯಾಟ್ ಬೇರೆಯಾಗಿಯೇ ನಿಲ್ಲಬೇಕು. ಹಳೆಯ ಬಿಲ್ಲನ್ನು ಮತ್ತೆ ಮುದ್ರಿಸಬೇಕಾದರೆ ಅಂದಿನ ದರವೇ ಬರಬೇಕಾದ್ದರಿಂದ ಹಳೆಯ ಷರತ್ತುಗಳನ್ನು ಅಳಿಸಿ ಹಾಕುವ ಧೈರ್ಯವೂ ಯಾರಿಗೂ ಇರಲಿಲ್ಲ. ಹೀಗೆ ಪ್ರತಿ ಅಧಿಸೂಚನೆಗೂ ಒಂದು ಇಫ್ (‘ಹೀಗಿದ್ದರೆ ಹೀಗೆ ಮಾಡು’ ಎಂಬ ಷರತ್ತು) ಸೇರುತ್ತ, ಇಫ್‌ನೊಳಗೆ ಇಫ್ ಹುಟ್ಟುತ್ತ ಹೋಗಿತ್ತು.

ಇದನ್ನು ಅಳೆಯಲು ಎಲ್ಲರೂ ಮೊದಲು ಕೈಗೆತ್ತಿಕೊಳ್ಳುವುದು ಸೈಕ್ಲೋಮ್ಯಾಟಿಕ್ ಕಾಂಪ್ಲೆಕ್ಸಿಟಿಯನ್ನು. ಥಾಮಸ್ ಮೆಕೇಬ್ 1976ರಲ್ಲಿ ಮಂಡಿಸಿದ ಈ ಅಳತೆಯ ಲೆಕ್ಕ ಸರಳ: ಫಂಕ್ಷನ್‌ನಲ್ಲಿ ದಾರಿ ಕವಲೊಡೆಯುವ ಜಾಗಗಳನ್ನು, ಅಂದರೆ ಇಫ್, ಲೂಪ್ (ಒಂದೇ ಕೆಲಸದ ಪುನರಾವರ್ತನೆ), ಕೇಸ್ (ಹಲವು ಆಯ್ಕೆಗಳಲ್ಲೊಂದು) ಮುಂತಾದವನ್ನು ಎಣಿಸಿ ಒಂದನ್ನು ಕೂಡಿಸಬೇಕು. ಬಂದ ಸಂಖ್ಯೆ ಆ ಫಂಕ್ಷನ್‌ನ ಒಳಗಿರುವ ಸ್ವತಂತ್ರ ದಾರಿಗಳೆಷ್ಟು ಎಂಬುದನ್ನು ಹೇಳುತ್ತದೆ. 10ನ್ನು ದಾಟದಿರುವುದು ಒಳ್ಳೆಯದೆಂದು ಮೆಕೇಬ್ ಸೂಚಿಸಿದ್ದರು. ನಮ್ಮ ತೆರಿಗೆ ಫಂಕ್ಷನ್ 40ನ್ನು ದಾಟಿತ್ತು; ಅದಕ್ಕಿದ್ದ ಟೆಸ್ಟ್‌ಗಳು, ಅಂದರೆ ಕೋಡು ಸರಿಯಿದೆಯೇ ಎಂದು ತಾವಾಗಿಯೇ ಪರೀಕ್ಷಿಸುವ ತುಣುಕುಗಳು, ಆರು. ಉಳಿದ ದಾರಿಗಳನ್ನು ಇಬ್ಬರು ಹುಡುಗರು ಪ್ರತಿ ಸಲವೂ ಕೈಯಿಂದಲೇ ಬಿಲ್ ಮಾಡಿ ಪರೀಕ್ಷಿಸುತ್ತಿದ್ದರು. ಮೂರು ವಾರ ಹೋಗುತ್ತಿದ್ದುದು ಅಲ್ಲಿ.

ಆದರೆ ಈ ಸಂಖ್ಯೆ ಓದುವವನ ಕಷ್ಟವನ್ನು ಪೂರ್ತಿಯಾಗಿ ಹೇಳುವುದಿಲ್ಲ. ಚೈತ್ರದಿಂದ ಫಾಲ್ಗುಣದವರೆಗೆ ಮಾಸದ ಹೆಸರನ್ನು ಕೊಡುವ ಹನ್ನೆರಡು ಕೇಸ್‌ಗಳ ಸ್ವಿಚ್ (ಆಯ್ಕೆಗಳ ಪಟ್ಟಿ) ಒಂದನ್ನು ಬರೆದರೆ ಅದಕ್ಕೆ 13 ಬರುತ್ತದೆ, ಆದರೂ ಹೊಸಬರು ಅದನ್ನು ಒಂದೇ ನೋಟದಲ್ಲಿ ಓದಿ ಮುಗಿಸುತ್ತಾರೆ. ಲೂಪಿನೊಳಗೆ ಲೂಪು, ಅದರೊಳಗೆ ಇಫ್, ಅದರೊಳಗೆ ಇನ್ನೊಂದು ಇಫ್ ಇರುವ ಫಂಕ್ಷನ್‌ಗೆ ಬರುವುದು ಬರೀ 5. ಅನುಭವಿಗಳು ಕೂಡ ಅಲ್ಲಿ ತಡವರಿಸುತ್ತಾರೆ. ಈ ಕೊರತೆ ನೀಗಲೆಂದೇ ಸೋನಾರ್‌ಸೋರ್ಸ್ ಕಂಪನಿಯ ಆನ್ ಕ್ಯಾಂಪ್‌ಬೆಲ್ ಕಾಗ್ನಿಟಿವ್ ಕಾಂಪ್ಲೆಕ್ಸಿಟಿ ಎಂಬ ಅಳತೆಯನ್ನು ರೂಪಿಸಿದರು. ಅದರಲ್ಲಿ ಇಡೀ ಸ್ವಿಚ್‌ಗೆ ಒಂದೇ ಅಂಕ. ಒಳಗೊಳಗೆ ಹೋದಂತೆಲ್ಲ ಅಂಕ ಏರುತ್ತದೆ. ಮೇಲಿನ ಎರಡನೆಯ ಉದಾಹರಣೆಗೆ ಒಂದು, ಎರಡು, ಮೂರು, ನಾಲ್ಕು ಸೇರಿ 10 ಆಗುತ್ತದೆ. ಎಷ್ಟು ಟೆಸ್ಟ್ ಬೇಕೆಂದು ಅಂದಾಜಿಸಲು ನಾನು ಮೆಕೇಬ್ ಸಂಖ್ಯೆಯನ್ನೂ, ಎಲ್ಲಿ ಬಿಡಿಸಿ ಬರೆಯಬೇಕೆಂದು ನಿರ್ಧರಿಸಲು ಇದನ್ನೂ ನೋಡುತ್ತೇನೆ.

ಕೋಡನ್ನು ನಿರ್ವಹಿಸುವುದು ಎಷ್ಟು ಸುಲಭ ಎಂದು ಒಂದೇ ಅಂಕದಲ್ಲಿ ಹೇಳುವ ಮೇಂಟೇನೆಬಿಲಿಟಿ ಇಂಡೆಕ್ಸ್ ಬಗ್ಗೆ ನನಗೆ ಅಂತಹ ವಿಶ್ವಾಸವಿಲ್ಲ. ಪಾಲ್ ಓಮನ್ ಮತ್ತು ಜ್ಯಾಕ್ ಹೇಗ್‌ಮೈಸ್ಟರ್ 1992ರಲ್ಲಿ ಮುಂದಿಟ್ಟ ಈ ಸೂತ್ರದ ಪ್ರಚಲಿತ ರೂಪದಲ್ಲಿ, ಹಾಲ್‌ಸ್ಟೆಡ್ ವಾಲ್ಯೂಮ್ (ಕೋಡಿನ ಪದ, ಚಿಹ್ನೆಗಳನ್ನು ಎಣಿಸಿ ಪಡೆಯುವ ಗಾತ್ರ), ಸೈಕ್ಲೋಮ್ಯಾಟಿಕ್ ಸಂಖ್ಯೆ ಮತ್ತು ಸಾಲುಗಳ ಸಂಖ್ಯೆಯಿಂದ ಬರುವ ಮೊತ್ತಗಳನ್ನು 171ರಿಂದ ಕಳೆಯುತ್ತಾರೆ. ಕೋಡ್ ಬರೆಯುವ ಟೂಲ್ ಆದ ವಿಷುವಲ್ ಸ್ಟುಡಿಯೋ ಅದನ್ನೇ 0ಯಿಂದ 100ರ ಅಳತೆಗೆ ಇಳಿಸಿ, 20 ಮತ್ತು ಮೇಲ್ಪಟ್ಟದ್ದಕ್ಕೆ ಹಸಿರು ಬಣ್ಣ ತೋರಿಸುತ್ತದೆ. ನಮ್ಮ ಬಿಲ್ಲಿಂಗ್ ಪ್ರಾಜೆಕ್ಟಿನ ಸರಾಸರಿಯೂ ಹಸಿರಾಗಿಯೇ ಇತ್ತು. ಎರಡು ಮೂರು ಸಾಲಿನ ನೂರಾರು ಸಣ್ಣ ಫಂಕ್ಷನ್‌ಗಳ ನಡುವೆ ಆ ಒಂದು ತೆರಿಗೆ ಫಂಕ್ಷನ್ ಮುಳುಗಿ ಹೋಗಿತ್ತು. ಇಡೀ ಪ್ರಾಜೆಕ್ಟಿಗೆ ಸರಾಸರಿ ತೆಗೆದು ಮೀಟಿಂಗಿನಲ್ಲಿ ತೋರಿಸುವ ಅಭ್ಯಾಸವನ್ನು ಬಿಡಬೇಕೆಂದು ನಾನು ಹೋದಲ್ಲೆಲ್ಲ ಹೇಳುವುದು ಇದಕ್ಕಾಗಿ.

ಹಾಗಾದರೆ ಯಾವುದನ್ನು ಮೊದಲು ಮುಟ್ಟಬೇಕು? ಸಂಕೀರ್ಣತೆಯ ಪಟ್ಟಿಯೊಂದನ್ನೇ ನಂಬಿದ್ದರೆ ನಾವು ಥರ್ಮಲ್ ಪ್ರಿಂಟರಿನ ಫೈಲಿನಿಂದ ಆರಂಭಿಸಬೇಕಿತ್ತು, ಏಕೆಂದರೆ ಅದರ ಅಂಕ ತೆರಿಗೆಯ ಫೈಲಿಗಿಂತಲೂ ಹೆಚ್ಚಿತ್ತು. ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ನ ಲಾಗ್ ತೆಗೆದು ಹಿಂದಿನ ಒಂದು ವರ್ಷದಲ್ಲಿ ಪ್ರತಿ ಫೈಲಿನ ಮೇಲೆ ಎಷ್ಟು ಕಮಿಟ್ (ದಾಖಲಾದ ಬದಲಾವಣೆ) ಆಗಿವೆ ಎಂದು ಎಣಿಸಿದಾಗ ಚಿತ್ರವೇ ಬೇರೆಯಾಯಿತು: ಪ್ರಿಂಟರಿನ ಫೈಲಿಗೆ ಯಾರೂ ಕೈ ಹಾಕಿರಲಿಲ್ಲ, ತೆರಿಗೆಯ ಫೈಲು ಹೆಚ್ಚುಕಡಿಮೆ ಪ್ರತಿ ರಿಲೀಸಿನಲ್ಲೂ ಬದಲಾಗಿತ್ತು. ಪದೇ ಪದೇ ಬದಲಾಗುವ ಕೋಡಿನಲ್ಲಿ ದೋಷಗಳು ಹೆಚ್ಚು ಎಂಬುದು ನನ್ನೊಬ್ಬನ ಅನುಭವವಲ್ಲ. ನಾಚಿಯಪ್ಪನ್ ನಾಗಪ್ಪನ್ ಮತ್ತು ಮೈಕ್ರೋಸಾಫ್ಟ್‌ನ ಥಾಮಸ್ ಬಾಲ್ 2005ರಲ್ಲಿ ವಿಂಡೋಸ್ ಸರ್ವರ್ 2003ರ ಕೋಡನ್ನು ಪರಿಶೀಲಿಸಿ, ಫೈಲಿನ ಗಾತ್ರಕ್ಕೆ ಹೋಲಿಸಿ ಲೆಕ್ಕ ಹಾಕಿದ ಬದಲಾವಣೆಯ ಪ್ರಮಾಣವು ದೋಷಗಳ ಸಾಂದ್ರತೆಯನ್ನು ಚೆನ್ನಾಗಿ ಮುನ್ಸೂಚಿಸುತ್ತದೆ ಎಂದು ತೋರಿಸಿದ್ದರು. ಎಣಿಸುವಾಗ ಎಚ್ಚರ ಬೇಕು: ಸ್ಪೇಸ್ ಸರಿಪಡಿಸಿದ ಕಮಿಟ್‌ಗಳನ್ನು ಕೈಬಿಡಬೇಕು, ಫೈಲಿನ ಹೆಸರು ಬದಲಾಗಿದ್ದರೆ ಹಳೆಯ ಹೆಸರಿನ ಚರಿತ್ರೆಯನ್ನೂ ಸೇರಿಸಬೇಕು. ಈ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಎರಡರಲ್ಲೂ ಮೇಲಿರುವ ಫೈಲುಗಳನ್ನು ಗುರುತಿಸಿದರೆ ಸಾಮಾನ್ಯವಾಗಿ ಬೆರಳೆಣಿಕೆಯಷ್ಟು ಮಾತ್ರ ಉಳಿಯುತ್ತವೆ.

ತೆರಿಗೆಯ ಆ ಫಂಕ್ಷನ್ ಅನ್ನು ಒಡೆಯುವ ಮೊದಲು ನಾವು ಹಳೆಯ ಬಿಲ್ಲುಗಳನ್ನೇ ಟೆಸ್ಟ್‌ಗಳನ್ನಾಗಿ ಮಾಡಿಕೊಂಡೆವು: ಇಂಥ ದಿನಾಂಕದ ಇಂಥ ಆರ್ಡರಿಗೆ ಇಷ್ಟೇ ತೆರಿಗೆ ಬಂದಿತ್ತು, ಈಗಲೂ ಅಷ್ಟೇ ಬರಬೇಕು. ಆಮೇಲೆ ದರಗಳನ್ನು ಕೋಡಿನಿಂದ ಹೊರತೆಗೆದು, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಯಾವ ಬಗೆಯ ಹೋಟೆಲಿಗೆ ಎಷ್ಟು ಎಂಬ ಟೇಬಲ್ಲಿಗೆ ಸೇರಿಸಿದೆವು. ದಿನಾಂಕದ ಇಫ್‌ಗಳೆಲ್ಲ ಅಲ್ಲಿಗೆ ಮಾಯವಾದವು. ಮದ್ಯದ ಲೆಕ್ಕ ಬೇರೆ ಫಂಕ್ಷನ್ ಆಯಿತು.

ಇನ್ನೊಂದು ಕಂಪನಿಯಲ್ಲಿ ಸಂಕೀರ್ಣತೆಯ ಸಂಖ್ಯೆಯನ್ನು ನೌಕರರ ವಾರ್ಷಿಕ ಮೌಲ್ಯಮಾಪನಕ್ಕೆ ಸೇರಿಸಿದ್ದನ್ನು ಕಂಡು ನಾನು ನೊಂದಿದ್ದೇನೆ. ಅಲ್ಲಿನವರು ದೊಡ್ಡ ಫಂಕ್ಷನ್‌ಗಳನ್ನು ಭಾಗ ಒಂದು, ಭಾಗ ಎರಡು ಎಂದು ಅರ್ಥವಿಲ್ಲದ ಹೆಸರಿಟ್ಟು ಕತ್ತರಿಸಿದರು. ಪ್ರತಿ ತುಂಡಿನ ಅಂಕ 10ರೊಳಗೆ ಬಂತು, ಓದುವವರು ಮಾತ್ರ ನಾಲ್ಕು ಫೈಲುಗಳ ನಡುವೆ ಓಡಾಡುವಂತಾಯಿತು. ಟೂಲ್‌ನಲ್ಲಿ ಮಿತಿ ಹಾಕುವುದಿದ್ದರೆ ಹೊಸದಾಗಿ ಬರೆದ ಮತ್ತು ತಿದ್ದಿದ ಕೋಡಿಗೆ ಮಾತ್ರ ಹಾಕಬೇಕು, ಮಿತಿ ಮೀರಿದಾಗ ಟೀಮಿನ ಇನ್ನೊಬ್ಬರು ಕೂತು ಓದಿ ಕಾರಣ ಕೇಳಬೇಕು.

ಬಿಲ್ಲಿಂಗ್ ಕಂಪನಿಯಲ್ಲಿ ಈಗ ದರ ಬದಲಾವಣೆ ಎಂದರೆ ಟೇಬಲ್ಲಿಗೆ ಒಂದು ಸಾಲು ಮತ್ತು ಒಂದು ಹೊಸ ಟೆಸ್ಟ್. ಪ್ರಿಂಟರಿನ ಫೈಲನ್ನು ಇಂದಿಗೂ ಮುಟ್ಟಿಲ್ಲ. ಕಾಂಪೊಸಿಷನ್ ಹೋಟೆಲುಗಳ ಕವಲು ಹಳೆಯ ಫಂಕ್ಷನ್‌ನಲ್ಲೇ ಉಳಿದಿದೆ. ಮುಂದಿನ ಸಲ ಆ ನಿಯಮ ಬದಲಾದಾಗ ಅದನ್ನೂ ಹೊರತೆಗೆಯುವುದೆಂದು ಟೀಮಿನವರು ಬರೆದಿಟ್ಟುಕೊಂಡಿದ್ದಾರೆ.