ಎಪಾಕ್ಸಿ ಕಪ್‌ನಲ್ಲೇ ಗಟ್ಟಿಯಾಗುತ್ತಿದೆ, ಹಾರ್ಡನರ್ ಕಡಿಮೆ ಹಾಕಬಹುದಾ?

ಪ್ರಶ್ನೆ: ಸರ್, ಕಲಬುರಗಿಯಲ್ಲಿ ನಾವು ಗೆಳೆಯರು ಸೇರಿ ಡ್ರೋನ್ ಫ್ರೇಮಿಗೆ ಕಾರ್ಬನ್ ಫೈಬರ್ ಶೀಟ್ ಮಾಡ್ತಾ ಇದ್ದೀವಿ. ಎಪಾಕ್ಸಿ ಡಬ್ಬಿ ಮೇಲೆ ಅರ್ಧ ಗಂಟೆ ಟೈಮ್ ಅಂತ ಬರೆದಿದೆ. ಆದರೆ ಕಲಸಿದ ಹತ್ತೇ ನಿಮಿಷಕ್ಕೆ ಕಪ್ ಸುಡೋಕೆ ಶುರುವಾಗಿ ಎಲ್ಲ ಗಟ್ಟಿಯಾಗುತ್ತೆ. ಹಾರ್ಡನರ್ ಸ್ವಲ್ಪ ಕಡಿಮೆ ಹಾಕಿದರೆ ಆಗುತ್ತಾ?

ಆಗಲ್ಲ. ಬೇರೆ ಏನು ಬೇಕಾದರೂ ಬದಲಿಸಿ, ಹಾರ್ಡನರ್ ಅಳತೆಗೆ ಕೈ ಹಾಕಬೇಡಿ. ಬಣ್ಣಕ್ಕೆ ಥಿನ್ನರ್ ಸುರಿದಂತೆ ಅಂದಾಜಿನಲ್ಲಿ ಹಾಕುವ ವಸ್ತು ಅದಲ್ಲ. ಎಪಾಕ್ಸಿ ಅಂದರೆ ರೆಸಿನ್, ಹಾರ್ಡನರ್ ಎಂಬ ಎರಡು ದ್ರವ ಕಲಸಿದಾಗ ಗಟ್ಟಿಯಾಗುವ ಅಂಟು. ರೆಸಿನ್ ಅಣುಗಳನ್ನು ಒಂದಕ್ಕೊಂದು ಹೆಣೆಯುವುದೇ ಹಾರ್ಡನರ್‌ನಲ್ಲಿರುವ ಅಮೀನ್ ಎಂಬ ರಾಸಾಯನಿಕ. ಕಡಿಮೆಯಾದರೆ ಒಂದಿಷ್ಟು ರೆಸಿನ್ ಹಾಗೇ ಉಳಿಯುತ್ತದೆ, ಶೀಟ್ ಒಣಗಿದಂತೆ ಕಂಡರೂ ಬಗ್ಗಿಸಿದರೆ ಬಳುಕುತ್ತದೆ. ಜಾಸ್ತಿ ಹಾಕಿದರೂ ಅದೇ ಕಥೆ.

ತಪ್ಪು ನಮ್ಮ ಬ್ಯಾಸಗಿಯದ್ದು. ಡಬ್ಬಿ ಮೇಲಿನ ಸಮಯ ಸಾಮಾನ್ಯವಾಗಿ 25 ಡಿಗ್ರಿ ಲೆಕ್ಕದ್ದು. ಉಷ್ಣತೆ 10 ಡಿಗ್ರಿ ಏರಿದರೆ ಸಮಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮೇ ತಿಂಗಳಲ್ಲಿ 42 ಡಿಗ್ರಿ ಅಂದರೆ ಇಲ್ಲಿ ಯಾರೂ ಹುಬ್ಬೇರಿಸಲ್ಲ, ಅಲ್ವಾ? 35ಕ್ಕೆ 15 ನಿಮಿಷ, 42ಕ್ಕೆ ಹತ್ತರ ಆಸುಪಾಸು. ನಿಮ್ಮ ಲೆಕ್ಕ ಸರಿಯಾಗಿಯೇ ಬಂದಿದೆ.

ಅದರ ಮೇಲೆ ಕಪ್‌ನ ಕಾಟ. ರೆಸಿನ್, ಹಾರ್ಡನರ್ ಸೇರಿದಾಗ ಶಾಖ ಹುಟ್ಟುತ್ತದೆ. ಕಿರಿದಾದ ಕಪ್‌ನಲ್ಲಿ ಅದು ಹೊರಗೆ ಹೋಗದೆ ಒಳಗೇ ಕೂತು ರೆಸಿನನ್ನು ಇನ್ನಷ್ಟು ಬಿಸಿ ಮಾಡುತ್ತದೆ, ಬಿಸಿಯಾದಷ್ಟೂ ವೇಗ ಹೆಚ್ಚುತ್ತದೆ, ಕೊನೆಗೆ ಹೊಗೆಯೂ ಬರಬಹುದು. ಹಾಗಾಗಿ ಕಲಸಿದ ತಕ್ಷಣ ಅಗಲವಾದ ತಟ್ಟೆಗೆ ತೆಳ್ಳಗೆ ಸುರಿದುಕೊಳ್ಳಿ. ಇದೊಂದರಿಂದಲೇ ದೊಡ್ಡ ವ್ಯತ್ಯಾಸ ಕಾಣುತ್ತದೆ.

ಎಲ್ಲವನ್ನೂ ಒಂದೇ ಸಲ ಕಲಸಲೂಬೇಡಿ. 30 ಸೆಂಟಿಮೀಟರ್ ಚೌಕದ ಕಾರ್ಬನ್ ಫೈಬರ್ ಬಟ್ಟೆ, ಚದರ ಮೀಟರಿಗೆ 200 ಗ್ರಾಂನದ್ದು ಅಂದುಕೊಳ್ಳಿ. ಒಂದು ಪದರ 18 ಗ್ರಾಂ, ನಾಲ್ಕಕ್ಕೆ 72. ಕೈಯಲ್ಲಿ ಹಚ್ಚುವಾಗ ಬಟ್ಟೆಯಷ್ಟೇ ತೂಕದ ಕಲಸಿದ ಎಪಾಕ್ಸಿ ಬೇಕು, ಬ್ರಷ್‌ಗೆ ಅಂಟಿ ಹಾಳಾಗುವುದೂ ಸೇರಿ 88 ಗ್ರಾಂ ಸಾಕು. ಅದನ್ನು 44ರಂತೆ ಎರಡು ಸಲ ಕಲಸಿ. 100ಕ್ಕೆ 10ರ ಅಳತೆಯ ಎಪಾಕ್ಸಿಯಾದರೆ ಪ್ರತಿ ಸಲ 40 ಗ್ರಾಂ ರೆಸಿನ್, 4 ಗ್ರಾಂ ಹಾರ್ಡನರ್. ಆ 4 ಗ್ರಾಂನಲ್ಲಿ ಒಂದು ಗ್ರಾಂ ತಪ್ಪಿದರೆ ಕಾಲು ಭಾಗವೇ ತಪ್ಪಿತು. ಅಡುಗೆಮನೆ ತಕ್ಕಡಿ ಬಿಡಿ, 0.1 ಗ್ರಾಂ ತೋರಿಸುವ ಸಣ್ಣದೊಂದು ತನ್ನಿ.

ಕೆಲಸ ಬೆಳಗಿನ ಜಾವ ಇಟ್ಟುಕೊಳ್ಳಿ. ಬಟ್ಟೆ ಕತ್ತರಿಸಿ, ಪದರ ಹಾಸುವ ಗಾಜಿಗೆ ಅಂಟದಂತೆ ವ್ಯಾಕ್ಸ್ ಹಚ್ಚಿ, ಎಲ್ಲ ಸಿದ್ಧವಾದ ಮೇಲೆ ಕಲಸಿ. ಪಕ್ಕದಲ್ಲಿ ಏರ್ ಕೂಲರ್ ಹಾಕಬೇಡಿ! ಅದು ತಂಪಿನ ಜೊತೆ ತೇವವನ್ನೂ ಊದುತ್ತದೆ. ತೇವವೂ ಗಾಳಿಯ ಕಾರ್ಬನ್ ಡೈಆಕ್ಸೈಡೂ ಅಮೀನ್ ಜೊತೆ ಸೇರಿ ಮೇಲೆ ಜಿಡ್ಡಿನ ಪೊರೆ ಕಟ್ಟುತ್ತವೆ, ಮುಂದಿನ ಪದರ ಸರಿಯಾಗಿ ಅಂಟಲ್ಲ. ಮಳೆಗಾಲದಲ್ಲೂ ಇದೇ ಗೋಳು. ಪೊರೆ ಬಂದರೆ ಬಿಸಿನೀರಿನಲ್ಲಿ ಉಜ್ಜಿ ತೊಳೆದು, ಒಣಗಿಸಿ ಮುಂದುವರಿಸಿ. ಅಷ್ಟಾದರೂ ಸಮಯ ಸಾಲದಿದ್ದರೆ ಅದೇ ರೆಸಿನಿಗೆ ನಿಧಾನದ ಹಾರ್ಡನರ್ ಕೇಳಿ ತನ್ನಿ, ಅದರ ಅಳತೆ ಬೇರೆ ಇರಬಹುದು, ಓದಿಕೊಳ್ಳಿ. ವಿಮಾನದ ಭಾಗ ಮಾಡುವವರಿಗೂ ಈ ತಲೆನೋವು ಇದ್ದದ್ದೇ. ಮೊದಲೇ ರೆಸಿನ್ ತುಂಬಿದ ಬಟ್ಟೆಯನ್ನು ಅವರು ಮೈನಸ್ 18 ಡಿಗ್ರಿಯಲ್ಲಿ ಇಡುತ್ತಾರೆ.

ನೀವು ಕೇಳದ ಇನ್ನೊಂದು ಮಾತು. ಕೋಣೆಯ ಉಷ್ಣತೆಯಲ್ಲೇ ಗಟ್ಟಿಯಾದ ಎಪಾಕ್ಸಿ ಸಾಮಾನ್ಯವಾಗಿ 50–60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಕಪ್ಪು ಶೀಟ್ ನಮ್ಮ ಮಧ್ಯಾಹ್ನದ ಬಿಸಿಲಿಗೆ ಅಷ್ಟು ಬಿಸಿಯಾಗುವುದು ಸುಲಭ, ಆಗ ಡ್ರೋನ್ ತೋಳು ಸೊಟ್ಟಗಾಗುತ್ತದೆ. ಮೆತ್ತಗಾಗುವ ಆ ಮಿತಿ ಮೇಲೇರಲಿ ಅಂತ ಒಂದು ದಿನ ಬಿಟ್ಟು, ಗಾಜಿನ ಮೇಲೆ ಇರುವಾಗಲೇ ನಿಧಾನವಾಗಿ 60ರಿಂದ 80 ಡಿಗ್ರಿಗೆ ಏರಿಸಿ ಕೆಲವು ಗಂಟೆ ಇಡಿ. ನಿಖರ ಲೆಕ್ಕ ರೆಸಿನ್ ಕಂಪನಿಯ ಹಾಳೆಯಲ್ಲಿರುತ್ತದೆ. ಅಡುಗೆಯ ಓವನ್ ಮಾತ್ರ ಬೇಡ.

ನೈಟ್ರೈಲ್ ಗ್ಲೌಸ್ ಹಾಕದೆ ಹಾರ್ಡನರ್ ಮುಟ್ಟಬೇಡಿ, ಒಮ್ಮೆ ಅಲರ್ಜಿ ಹತ್ತಿದರೆ ಸುಲಭಕ್ಕೆ ಬಿಡಲ್ಲ. ಶೀಟ್ ಕತ್ತರಿಸುವಾಗ ಮಾಸ್ಕ್ ಹಾಕಿ, ನೀರು ಹಾಕಿ ಉಜ್ಜಿ. ಕಾರ್ಬನ್ ಪುಡಿಯಲ್ಲಿ ಕರೆಂಟ್ ಹರಿಯುತ್ತದೆ, ಆ ಟೇಬಲ್ಲಿನ ಮೇಲೆಯೇ ಡ್ರೋನಿನ ಬೋರ್ಡ್ ಬಿಚ್ಚಿಡಬೇಡಿ.