ಕರಗದ ಔಷಧ ಮತ್ತು ಗಾಜಿನ ನಳಿಕೆಯೊಳಗಿನ ಹಿಮ

ಮಾತ್ರೆ ನುಂಗಿದ ಮಾತ್ರಕ್ಕೆ ಔಷಧ ಮೈಗೆ ಹತ್ತುವುದಿಲ್ಲ. ಮೊದಲು ಅದು ಹೊಟ್ಟೆ, ಕರುಳಿನ ರಸದಲ್ಲಿ ಕರಗಬೇಕು. ಆಮೇಲೆ ತಾನೇ ರಕ್ತಕ್ಕೆ ಸೇರುವುದು? ಆದರೆ ಎಷ್ಟೋ ಒಳ್ಳೆಯ ಔಷಧಗಳಿಗೆ ನೀರು ಕಂಡರೆ ಆಗುವುದೇ ಇಲ್ಲ. ಶಿಲೀಂಧ್ರದ ಸೋಂಕಿಗೆ ಕೊಡುವ ಗ್ರೈಸಿಯೋಫುಲ್ವಿನ್, ಇಟ್ರಾಕೊನಜೋಲ್, ರಕ್ತದ ಕೊಬ್ಬು ಇಳಿಸುವ ಫೆನೋಫೈಬ್ರೇಟ್, ಎಲ್ಲವೂ ಈ ಜಾತಿಯವೇ. ಕರಗದೆ ಉಳಿದ ಔಷಧ ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಕಾಯಿಲೆ ಇರುವವರಿಗೆ ಇದು ಸಣ್ಣ ವಿಷಯವಲ್ಲ.

ಕರಗುವ ವೇಗದ ಲೆಕ್ಕ ಹಾಕಿಕೊಟ್ಟವರು ಆರ್ಥರ್ ನಾಯ್ಸ್ ಮತ್ತು ವಿಲ್ಲಿಸ್ ವಿಟ್ನಿ. ವರ್ಷ 1897. ಅವರ ಸೂತ್ರವನ್ನು ಮುಂದಿನವರು ಬೆಳೆಸಿದಾಗ ಒಂದು ಮಾತು ಸ್ಪಷ್ಟವಾಯಿತು: ನೀರಿಗೆ ತಾಗುವ ಮೈ ಜಾಸ್ತಿಯಾದಷ್ಟೂ ಕರಗುವ ವೇಗ ಜಾಸ್ತಿ. 1 ಮಿಲಿಮೀಟರ್ ಅಳತೆಯ ಒಂದು ಘನವನ್ನು ತೆಗೆದುಕೊಳ್ಳಿ. ಅದರ ಹೊರಮೈ 6 ಚದರ ಮಿಲಿಮೀಟರ್. ಅದನ್ನೇ 1 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು, ಅಳತೆಯ ಚೂರುಗಳಾಗಿ ಕತ್ತರಿಸಿದರೆ 100 ಕೋಟಿ ಚೂರುಗಳಾಗುತ್ತವೆ. ಹೊರಮೈ 6,000 ಚದರ ಮಿಲಿಮೀಟರ್ ಆಗುತ್ತದೆ. ಔಷಧ ಅಷ್ಟೇ, ನೀರಿಗೆ ಸಿಗುವ ಜಾಗ ಮಾತ್ರ ಸಾವಿರ ಪಟ್ಟು. ಗ್ರೈಸಿಯೋಫುಲ್ವಿನ್ ಅನ್ನು ನುಣ್ಣಗೆ ಪುಡಿ ಮಾಡಿ ಕೊಟ್ಟಾಗ ಅರ್ಧ ಡೋಸ್ ಸಾಕಾಯಿತು.

ಹಾಗಾದರೆ ಸುಮ್ನೆ ಅರೆದರೆ ಆಯ್ತು, ಅಲ್ವಾ? ಅಷ್ಟು ಸಲೀಸಲ್ಲ. ಅರೆಯುವಾಗ ಬಿಸಿ ಏರುತ್ತದೆ. ಮೆತ್ತಗಿನ ವಸ್ತು ಪುಡಿಯಾಗುವ ಬದಲು ಮೆತ್ತಿಕೊಳ್ಳುತ್ತದೆ. ಪುಡಿಗೆ ವಿದ್ಯುದಂಶ ಸೇರಿ ಕಣಗಳು ಒಂದಕ್ಕೊಂದು ಅಂಟುತ್ತವೆ. ಬೇರೆ ದಾರಿ ಬೇಕಿತ್ತು.

ಆ ದಾರಿಯ ಮೊದಲ ಹೆಜ್ಜೆ ಬಹಳ ಹಿಂದೆಯೇ ಬಿದ್ದಿತ್ತು. 1822ರಲ್ಲಿ ಫ್ರಾನ್ಸಿನ ಕಾನ್ಯಾರ್ ದ ಲಾ ತೂರ್ ಕೋವಿಯ ನಳಿಗೆಯೊಳಗೆ ದ್ರವ ಮತ್ತು ಒಂದು ಕಲ್ಲಿನ ಗುಂಡು ಹಾಕಿ, ಬಾಯಿ ಮುಚ್ಚಿ, ಕಾಯಿಸಿ ಉರುಳಿಸಿದರು. ಒಂದು ಹಂತ ದಾಟಿದ ಮೇಲೆ ಗುಂಡಿನ ಸದ್ದು ಬದಲಾಯಿತು. ಒಳಗೆ ದ್ರವ ಬೇರೆ, ಆವಿ ಬೇರೆ ಎಂಬುದು ಉಳಿದಿರಲಿಲ್ಲ. 1869ರಲ್ಲಿ ಬೆಲ್‌ಫಾಸ್ಟಿನ ಥಾಮಸ್ ಆಂಡ್ರ್ಯೂಸ್ ಇಂಗಾಲದ ಡೈಆಕ್ಸೈಡ್ ಮೇಲೆ ತಾವು ಮಾಡಿದ ಪ್ರಯೋಗಗಳನ್ನು ಮುಂದಿಟ್ಟು, ಆ ಹಂತಕ್ಕೆ ಕ್ರಿಟಿಕಲ್ ಪಾಯಿಂಟ್ ಎಂದು ಹೆಸರಿಟ್ಟರು. ಆ ಅನಿಲಕ್ಕೆ ಅದು ಸುಮಾರು 31 ಡಿಗ್ರಿ ಸೆಲ್ಸಿಯಸ್, 74 ಬಾರ್ ಒತ್ತಡ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ). ಅದರಿಂದಾಚೆಗಿನದೇ ಸೂಪರ್‌ಕ್ರಿಟಿಕಲ್ ಸ್ಥಿತಿ. ಅಲ್ಲಿ ವಸ್ತು ದ್ರವದ ಹಾಗೆ ಕರಗಿಸಿಕೊಳ್ಳುತ್ತದೆ, ಅನಿಲದ ಹಾಗೆ ಎಲ್ಲೆಡೆ ನುಗ್ಗುತ್ತದೆ.

ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು 1879ರ ಪ್ರಯೋಗ. ಹ್ಯಾನೆ ಮತ್ತು ಹೋಗಾರ್ತ್ ಎಂಬಿಬ್ಬರು ಸೂಪರ್‌ಕ್ರಿಟಿಕಲ್ ಆಲ್ಕೋಹಾಲ್‌ನಲ್ಲಿ ಲವಣ ಕರಗಿಸಿದರು. ಒತ್ತಡವನ್ನು ತಟ್ಟನೆ ಇಳಿಸಿದಾಗ ನಳಿಕೆಯೊಳಗೆ ಲವಣ ಹಿಮದ ಹಾಗೆ ಉದುರಿತು. ಒತ್ತಡ ಏರಿಸಿದರೆ ಮತ್ತೆ ಮಾಯ. ಅರೆಯದೆ ಪುಡಿ ಮಾಡುವ ಉಪಾಯ ಕಣ್ಣೆದುರೇ ಇತ್ತು. ಅದನ್ನು ಔಷಧಕ್ಕೆ ಬಳಸಲು ಮಾತ್ರ ಸುಮಾರು ನೂರು ವರ್ಷ ಬೇಕಾಯಿತು.

ನಡುವೆ 1960ರ ದಶಕದಲ್ಲಿ ಜರ್ಮನಿಯ ಕುರ್ಟ್ ಜೋಸೆಲ್ ಇಂಗಾಲದ ಡೈಆಕ್ಸೈಡ್‌ನಿಂದ ಕಾಫಿ ಬೀಜದ ಕೆಫೀನ್ ತೆಗೆಯುವುದನ್ನು ತೋರಿಸಿಕೊಟ್ಟರು. 1980ರ ದಶಕದಲ್ಲಿ ಅಮೆರಿಕದ ವಾಲ್ ಕ್ರುಕೋನಿಸ್ ಮತ್ತಿತರರು ಹಿಮದ ಉಪಾಯಕ್ಕೆ ಮರಳಿದರು. ಔಷಧವನ್ನು ಸೂಪರ್‌ಕ್ರಿಟಿಕಲ್ ಸ್ಥಿತಿಯಲ್ಲಿರುವ ಈ ಅನಿಲದಲ್ಲಿ ಕರಗಿಸಿ, ಸಣ್ಣ ನಾಜಲ್‌ನಿಂದ ಹೊರಗೆ ಚಿಮ್ಮಿಸುವುದು. ಒತ್ತಡ ಕ್ಷಣದಲ್ಲಿ ಬೀಳುತ್ತದೆ, ಅಸಂಖ್ಯ ಕಣಗಳು ಒಟ್ಟಿಗೆ ಹುಟ್ಟುತ್ತವೆ, ದೊಡ್ಡದಾಗಲು ಯಾವುದಕ್ಕೂ ಸಮಯ ಇರುವುದಿಲ್ಲ. ಹೆಚ್ಚು ಬಿಸಿ ಬೇಕಿಲ್ಲ. ಅನಿಲ ತಾನಾಗಿಯೇ ಹಾರಿಹೋಗುತ್ತದೆ.

ತೊಡಕು ಬಂದದ್ದು ಬೇರೆ ಕಡೆಯಿಂದ. ನೀರಿನಲ್ಲಿ ಕರಗದ ಔಷಧಗಳಲ್ಲಿ ಬಹುಪಾಲು ಇಂಗಾಲದ ಡೈಆಕ್ಸೈಡ್‌ನಲ್ಲೂ ಸರಿಯಾಗಿ ಕರಗುವುದಿಲ್ಲ! ಒಂದು ಚಿಟಿಕೆ ಪುಡಿಗೆ ರಾಶಿ ಅನಿಲ ಬೇಕು.

ಇಲ್ಲಿ ಸಂಶೋಧಕರು ಆ ಕೊರತೆಯನ್ನೇ ಕೆಲಸಕ್ಕೆ ಹಚ್ಚಿದರು. ಔಷಧವನ್ನು ಅಸಿಟೋನ್‌ನಂಥ ದ್ರಾವಕದಲ್ಲಿ ಕರಗಿಸಿ, ಒತ್ತಡದಲ್ಲಿರುವ ಇಂಗಾಲದ ಡೈಆಕ್ಸೈಡ್‌ನೊಳಕ್ಕೆ ಸಿಂಪಡಿಸಿದರು. ಅನಿಲ ಹನಿಯೊಳಗೆ ನುಗ್ಗುತ್ತದೆ, ದ್ರಾವಕ ಹೊರಬರುತ್ತದೆ. ನಿಲ್ಲಲು ನೆಲೆಯಿಲ್ಲದ ಔಷಧ ನುಣ್ಣನೆ ಪುಡಿಯಾಗಿ ಬೀಳುತ್ತದೆ. 1990ರ ದಶಕದಲ್ಲಿ ಬ್ರಿಟನ್ನಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಯಾರ್ಕ್ ಮತ್ತು ಮಜನ್ ಹನ್ನಾ ದ್ರಾವಣವನ್ನೂ ಅನಿಲವನ್ನೂ ಒಂದೇ ನಾಜಲ್‌ನಲ್ಲಿ ಬೆರೆಸಿ ಚಿಮ್ಮಿಸುವ ವಿಧಾನ ರೂಪಿಸಿದರು.

ಔಷಧದ ಜೊತೆ ಪಾಲಿಮರ್ (ಉದ್ದ ಸರಪಳಿಯಂಥ ಅಣುಗಳ ವಸ್ತು) ಸೇರಿಸಿ ಸಿಂಪಡಿಸಿದರೆ ಇನ್ನೊಂದು ಲಾಭವಿದೆ. ಔಷಧದ ಅಣುಗಳು ಹರಳಾಗಿ ಜೋಡಿಸಿಕೊಳ್ಳದೆ ಚದುರಿಯೇ ಉಳಿಯುತ್ತವೆ, ನೀರಿಗೆ ಬೇಗ ಒಲಿಯುತ್ತವೆ. ಆದರೆ ತೇವ ತಗುಲಿದರೆ, ದಿನ ಕಳೆದರೆ ಮತ್ತೆ ಹರಳಾಗುವ ಭಯ ಇದ್ದೇ ಇದೆ.

ಕಾರ್ಖಾನೆಗಳಲ್ಲಿ ಈಗಲೂ ಅರೆಯುವುದು, ಇಲ್ಲವೇ ದ್ರಾವಣವನ್ನು ಬಿಸಿಗಾಳಿಯಲ್ಲಿ ಸಿಂಪಡಿಸಿ ಒಣಗಿಸುವುದೇ ಹೆಚ್ಚು. ಒತ್ತಡದ ಪಾತ್ರೆಗಳು ದುಬಾರಿ, ನಾಜಲ್ ಕಟ್ಟಿಕೊಳ್ಳುತ್ತದೆ, ಪ್ರಯೋಗಾಲಯದಲ್ಲಿ ಸಿಕ್ಕ ಕಣದ ಅಳತೆ ದೊಡ್ಡ ಪಾತ್ರೆಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ತಾಳ್ಮೆಯೂ ಬೇಕು. ಸಿಂಪಡಿಸುವುದು ಮುಗಿದ ಮೇಲೂ ಒತ್ತಡ ಇಳಿಸದೆ ಹೊಸ ಅನಿಲವನ್ನು ಹರಿಸುತ್ತಲೇ ಇರಬೇಕು, ಉಳಿದ ದ್ರಾವಕವೆಲ್ಲ ತೊಳೆದುಹೋಗುವ ತನಕ. ಅವಸರಪಟ್ಟು ಮೊದಲೇ ಇಳಿಸಿದರೆ ದ್ರಾವಕ ಮತ್ತೆ ಹನಿಯಾಗಿ ಪುಡಿಯ ಮೇಲೆ ಕೂರುತ್ತದೆ. ಫಿಲ್ಟರ್ ಮೇಲೆ ಹಿಮದಂತೆ ಹರಡಿದ್ದ ಪುಡಿ ಅಂಟಂಟಾಗಿ, ಮುದ್ದೆಯಾಗಿ ಕೈಗೆ ಬರುತ್ತದೆ.